ಎದೆಯಲ್ಲೊಂದು ದೇಶ, ಕಾಗದದಲ್ಲೊಂದು ದೇಶ

ಪ್ರಿಯ ತಂಗಿ,

ರಾಷ್ಟ್ರೀಯತೆ ಎಂದರೆ ನಿನಗೇನು ಎಂದು ಬರೆದ ಲೇಖನ ಓದಿದೆ. ಮೊದಲ ಪುಟದಲ್ಲಿ ದೇಶದ ಹೆಸರು ಕೇಳಿದರೆ ಎದೆ ತುಂಬಿಬರುತ್ತದೆ ಅಂದಿದ್ದೀಯ. ಕೊನೆಗೆ ಬರುವಷ್ಟರಲ್ಲಿ ಗಡಿಗಳೆಲ್ಲ ಮನುಷ್ಯ ಎಳೆದ ಗೆರೆಗಳು ಅಂದುಬಿಟ್ಟಿದ್ದೀಯ. ಎರಡೂ ಸುಳ್ಳಲ್ಲ, ಆದರೆ ಯಾರು ಬೇಕಾದರೂ ಬರೆಯಬಹುದಾದ ಮಾತುಗಳು. ಲೇಖನದ ತುಂಬ ದೇಶವಿದೆ; ಅದನ್ನು ಹೊತ್ತು ಬದುಕುವ ಮನುಷ್ಯ ಮಾತ್ರ ಕಾಣಲಿಲ್ಲ. ಆ ಮನುಷ್ಯನ ಬಗ್ಗೆ ನಾಲ್ಕು ಮಾತು ಹೇಳೋಣವೆಂದು ಈ ಪತ್ರ.

ಅಲ್ಸಾಸ್ ಪ್ರಾಂತ್ಯದ ಚರಿತ್ರೆಯನ್ನು ಒಮ್ಮೆ ಓದು. ರೈನ್ ನದಿಯ ಪಶ್ಚಿಮ ದಂಡೆಯ ಆ ನೆಲ 1871ರಲ್ಲಿ ಫ್ರಾನ್ಸ್‌ನ ಕೈತಪ್ಪಿ ಜರ್ಮನಿಗೆ ಸೇರಿತು. 1918ರಲ್ಲಿ ಮತ್ತೆ ಫ್ರಾನ್ಸ್‌ಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಪುನಃ ಫ್ರಾನ್ಸ್‌ಗೆ. 1870ರಲ್ಲಿ ಅಲ್ಲಿನ ಪಟ್ಟಣ ಸ್ಟ್ರಾಸ್‌ಬರ್ಗ್‌ನಲ್ಲಿ ಹುಟ್ಟಿ ಎಪ್ಪತ್ತೈದು ವರ್ಷ ಬಾಳಿದ ಹೆಂಗಸೊಬ್ಬಳು ಮನೆಯ ಹೊಸಿಲು ದಾಟದೆಯೇ ನಾಲ್ಕು ಸಲ ದೇಶ ಬದಲಿಸಿದಂತಾಯಿತು.

ಮೊದಲ ಮಹಾಯುದ್ಧ ಮುಗಿದ ಕೂಡಲೇ ಅಲ್ಲಿನ ಫ್ರೆಂಚ್ ಆಡಳಿತ ಜನರಿಗೆ ಎ, ಬಿ, ಸಿ, ಡಿ ಎಂಬ ಗುರುತಿನ ಚೀಟಿಗಳನ್ನು ಹಂಚಿತು. ಹಿಂದೆ ಫ್ರೆಂಚರಾಗಿದ್ದವರ ಸಂತತಿಗೆ ಎ. ಹೆತ್ತವರಲ್ಲಿ ಒಬ್ಬರು ಹೊರಗಿನವರಾದರೆ ಬಿ. ಜರ್ಮನ್ ಮೂಲದವರಿಗೆ ಡಿ. ಎ ಚೀಟಿಯವರು ತಮ್ಮಲ್ಲಿದ್ದ ಜರ್ಮನ್ ಹಣ ಮಾರ್ಕ್‌ಗಳನ್ನು ಫ್ರಾಂಕ್‌ಗೆ ಬದಲಿಸಿಕೊಳ್ಳಲು ಹೋದರೆ ಒಳ್ಳೆಯ ದರ. ಡಿ ಚೀಟಿಯವರಿಗೆ ಅದಕ್ಕಿಂತ ತೀರ ಕಡಿಮೆ. ಡಿ ಚೀಟಿಯವರಲ್ಲಿ ಬಹಳಷ್ಟು ಮಂದಿಯನ್ನು ನದಿಯಾಚೆ ಜರ್ಮನಿಗೆ ಅಟ್ಟಲಾಯಿತು. ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೋ. ತಾಯಿಯ ಕೈಯಲ್ಲಿ ಎ, ತಂದೆಯ ಕೈಯಲ್ಲಿ ಡಿ, ಮಕ್ಕಳಿಗೆ ಬಿ. ಅಪ್ಪನ ಚೀಟಿ ಯಾಕೆ ಬೇರೆ ಎಂದು ಕಿರಿಯ ಮಗು ಕೇಳಿದಾಗ ಆ ತಾಯಿ ಏನು ಹೇಳಿದ್ದಾಳು? ಕಥೆಗಾರ್ತಿಯಾಗಿ ನೀನು ಕೂರಬೇಕಾದದ್ದು ಅಲ್ಲಿ, ಆ ಮಗುವಿನ ಪಕ್ಕದಲ್ಲಿ.

ರಾಷ್ಟ್ರವೆಂದರೆ ದಿನವೂ ನಡೆಯುವ ಜನಮತಗಣನೆ ಇದ್ದಂತೆ ಎಂದು ಫ್ರೆಂಚ್ ಚಿಂತಕ ಅರ್ನೆಸ್ಟ್ ರೆನಾನ್ 1882ರಲ್ಲಿ ಪ್ಯಾರಿಸ್‌ನ ಉಪನ್ಯಾಸವೊಂದರಲ್ಲಿ ಹೇಳಿದ. ಒಟ್ಟಿಗೆ ಬಾಳುವ ಮನಸ್ಸೇ ರಾಷ್ಟ್ರ ಎಂಬ ಅವನ ವಿಚಾರ ನನಗೆ ಇಷ್ಟ. ಆದರೆ ಡಿ ಚೀಟಿ ಹಿಡಿದು ನಿಂತವನ ಮತವನ್ನು ಯಾರೂ ಕೇಳಲಿಲ್ಲ. 1942ರಿಂದ ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನ ಸುಮಾರು 1,30,000 ಜನರನ್ನು ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಿಕೊಂಡಾಗಲೂ ಅಷ್ಟೇ. ಕಾಗದದ ಮೇಲಿನ ದೇಶವನ್ನು ಬಹುಪಾಲು ಬೇರೆಯವರೇ ಬರೆಯುತ್ತಾರೆ. ಪ್ರತಿಯೊಬ್ಬರಿಗೂ ರಾಷ್ಟ್ರೀಯತೆಯ, ಅಂದರೆ ಒಂದು ದೇಶದ ಪ್ರಜೆಯಾಗಿರುವ, ಹಕ್ಕಿದೆ ಎಂದು ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 15ನೇ ವಿಧಿ ಸಾರಬೇಕಾಗಿ ಬಂದದ್ದು ಇಂಥದ್ದನ್ನೆಲ್ಲ ಕಂಡ ಮೇಲೆಯೇ. ಗಡಿಯೆಂದರೆ ಬರೀ ಗೆರೆ ಎನ್ನುವ ಮಾತು ಪಾಸ್‌ಪೋರ್ಟ್ ಇದ್ದವರ ಬಾಯಲ್ಲೇ ಹೆಚ್ಚು ಕೇಳುತ್ತದೆ ಅನ್ನುವುದನ್ನೂ ಗಮನಿಸು.

ಇನ್ನು ಎದೆಯೊಳಗಿನ ದೇಶ. ನೀನು ಹೆಮ್ಮೆಯ ಬಗ್ಗೆ ಬರೆದಿದ್ದೀಯ, ನಾಚಿಕೆಯನ್ನು ಮುಟ್ಟಲೇ ಇಲ್ಲ. ಹೆಮ್ಮೆ ಹತ್ತು ಜನರ ನಡುವೆ ನಿಂತರೆ ತಾನಾಗಿ ಅಂಟಿಕೊಳ್ಳುತ್ತದೆ. ನಾಚಿಕೆ ಹಾಗಲ್ಲ. ಬೇರೆ ದೇಶದ ಸರ್ಕಾರ ಅನ್ಯಾಯ ಮಾಡಿದರೆ ನಮಗೆ ಸಿಟ್ಟು ಬರುತ್ತದೆ, ಮರುಕ ಹುಟ್ಟುತ್ತದೆ. ನಮ್ಮದು ಅದನ್ನೇ ಮಾಡಿದರೆ, ನಾವು ಹುಟ್ಟುವ ಮೊದಲೇ ಮಾಡಿದ್ದರೂ, ತಲೆ ತಗ್ಗುತ್ತದೆ. ನಾನೇನೂ ಮಾಡಿಲ್ಲವಲ್ಲ ಎಂದು ಎಷ್ಟು ಸಮಜಾಯಿಷಿ ಕೊಟ್ಟುಕೊಂಡರೂ ಅದು ಬಿಡುವುದಿಲ್ಲ. ಆ ದೇಶ ನಿನ್ನದು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ಗೊತ್ತಿಲ್ಲ. ನಾಚಿಕೆಪಡುವವರನ್ನು ದ್ರೋಹಿಗಳೆಂದು ಕರೆಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂಬಂಧವೇ ಇಲ್ಲದವರಿಗೆ ನಾಚಿಕೆಯಾದರೂ ಯಾಕಾಗಬೇಕು?

ಹಾಗೆಂದು ಪ್ರೀತಿಯನ್ನು ಅನುಮಾನದಿಂದ ನೋಡಬೇಡ. ಓದಿದವರೆಂದು ತೋರಿಸಿಕೊಳ್ಳಲು ಅದನ್ನು ಮುಚ್ಚಿಡುವವರೂ ಇದ್ದಾರೆ; ಅಂಥ ಬರಹ ಒಣಗಿಹೋಗುತ್ತದೆ. ಅಟ್ಟಲ್ಪಟ್ಟವನು ಅಟ್ಟಿದ ನೆಲವನ್ನೇ ಕನವರಿಸುತ್ತಾನೆ. ಅದು ತರ್ಕಕ್ಕೆ ಸಿಗುವುದಿಲ್ಲ, ಆದ್ದರಿಂದಲೇ ಬರೆಯಲು ಯೋಗ್ಯ.

ಕೊನೆಯ ಪುಟವನ್ನು ತೆಗೆದುಹಾಕು. ದೇಶದ ಪರವಾಗಿ ನೀನು ತಲೆ ತಗ್ಗಿಸಿದ ಒಂದು ಸಂದರ್ಭ ನೆನಪಿಸಿಕೊಂಡು, ಅಲ್ಲಿ ಯಾರಿದ್ದರು, ಯಾರು ಏನೆಂದರು, ನಿನ್ನ ಬಾಯಿಂದ ಯಾವ ಮಾತು ಹೊರಟಿತು ಎನ್ನುವುದನ್ನಷ್ಟೇ ಬರೆ. ‘ನಾವು’ ಎಂದು ಬರೆಯುವಾಗಲೆಲ್ಲ ಆ ಗುಂಪಿನೊಳಗೆ ಯಾರ‍್ಯಾರಿದ್ದಾರೆ, ಯಾರು ಹೊರಗುಳಿದರು ಎಂದು ನೋಡಿಕೋ. ಬರೆದಾದ ಮೇಲೆ ತಿದ್ದುವ ಮೊದಲೇ ನನಗೆ ಕಳಿಸು.

ನಿನ್ನ,
ಅಕ್ಕ