ಕಾರು ವಾಪಸ್ ಕೊಟ್ರೆ ಸಾಲ ತೀರಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಅಂಕಣದಲ್ಲಿ ಹಿರಿಯರೊಬ್ಬರು ಈಗಿನ ಹುಡುಗರು ಶೋಕಿಗೆ ಸಾಲ ಮಾಡ್ತಾರೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಬರೆದಿದ್ರು. ಓದಿದ್ರೆ ನನ್ನನ್ನೇ ಎದುರು ಕೂರಿಸ್ಕೊಂಡು ಬೈದಂಗಿತ್ತು. ಅವರು ಹೇಳಿದ್ದು ಸುಳ್ಳಲ್ಲ, ಆದ್ರೆ ನಾನು ಕಾಲು ಚಾಚಿದಾಗ ಹಾಸಿಗೆ ಸರಿಯಾಗೇ ಇತ್ತು ಸರ್, ಆಮೇಲೆ ಎಳ್ಕೊಂಡು ಹೋದ್ರು. ಕೆಲಸ ಇತ್ತು, ಸ್ಯಾಲರಿ ಸ್ಲಿಪ್ ಇತ್ತು, ಕಾರ್ ಲೋನ್ ಕೊಡೋರೇ ಮನೆ ಬಾಗಿಲಿಗೆ ಬಂದ್ರು, ಎರಡು ವರ್ಷ ಒಂದು ಕಂತೂ ತಪ್ಪಿಸಿಲ್ಲ. ಐದು ತಿಂಗಳ ಹಿಂದೆ ಕಂಪನಿಯಿಂದ ಒಂದು ಮೇಲ್ ಬಂತು, ನಾಳೆಯಿಂದ ಬರೋದು ಬೇಡ ಅಂತ. ಉಳಿಸಿಟ್ಟ ದುಡ್ಡಲ್ಲಿ ಎರಡು ಕಂತು ಕಟ್ಟಿದೆ, ಈಗ ಮೂರು ಬಾಕಿ ಇದೆ.

ಸಿಕ್ಕೋರೆಲ್ಲ ಒಂದೇ ಮಾತು ಹೇಳ್ತಾರೆ, ಮಾರಿಬಿಡು ಮಾರಾಯ ಅಂತ. ಮಾರೋದು ಹೇಗೆ? ಆರ್‌ಸಿಯಲ್ಲಿ, ಅಂದ್ರೆ ಕಾರಿನ ನೋಂದಣಿ ಪತ್ರದಲ್ಲಿ, ನನ್ನ ಹೆಸರಿನ ಜೊತೆ ಸಾಲ ಕೊಟ್ಟೋರ ಹೆಸರೂ ಇದೆ, ಅವರು ಎನ್‌ಒಸಿ (ನಮ್ಮ ಅಭ್ಯಂತರ ಇಲ್ಲ ಅನ್ನೋ ಪತ್ರ) ಕೊಡದೆ ಕಾರು ಇನ್ನೊಬ್ಬರ ಹೆಸರಿಗೆ ಹೋಗಲ್ಲ, ಎನ್‌ಒಸಿ ಬೇಕಂದ್ರೆ ಬಾಕಿ ಪೂರ್ತಿ ಕಟ್ಟಬೇಕು, ಕಾರು ಮಾರಿದ ದುಡ್ಡು ಆ ಬಾಕಿಗೆ ಸಾಲಲ್ಲ. ಇದು ಯಾಕೆ ಹೀಗೆ ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ, ಕೆಲಸ ಇಲ್ಲದೆ ಕೂತಾಗ ಲೆಕ್ಕ ಹಾಕಿ ನೋಡಿದೆ. 10 ಪರ್ಸೆಂಟ್ ಬಡ್ಡಿಗೆ 7 ವರ್ಷದ ಸಾಲ ಅಂದ್ರೆ ಮೊದಲ ಕಂತಲ್ಲಿ ಸರಿಸುಮಾರು ಅರ್ಧ ಬಡ್ಡಿಗೇ ಹೋಗುತ್ತೆ. ಎರಡು ವರ್ಷ ಶಿಸ್ತಾಗಿ ಕಟ್ಟಿದ ಮೇಲೆ, ಸಾಲ ತಗೊಂಡ ಪ್ರತಿ 100 ರೂಪಾಯಿಗೆ ನಾನು ಕೊಟ್ಟಿದ್ದು ಸುಮಾರು 40, ಅಸಲು ಇಳಿದಿದ್ದು ಬರೀ 22! ಆದ್ರೆ ಕಾರಿನ ಬೆಲೆ ಶೋರೂಮಿಂದ ಈಚೆ ಬಂದ ದಿನವೇ ಇಳಿಯೋಕೆ ಶುರುವಾಗಿರುತ್ತೆ, ಅದು ನಮ್ಮ ಕಂತಿಗೋಸ್ಕರ ಕಾಯಲ್ಲ. ಕಂತು ಕಮ್ಮಿ ಬರುತ್ತೆ ಅಂತ ಅವತ್ತು 5 ವರ್ಷ ಬಿಟ್ಟು 7 ವರ್ಷ ಆರಿಸ್ಕೊಂಡೋನು ನಾನೇ, ಆ ತಪ್ಪು ಯಾರ ತಲೆಗೂ ಕಟ್ಟಲ್ಲ.

ಸರಿ, ಕೀ ಅವರ ಕೈಗೇ ಕೊಟ್ಟು ಕೈತೊಳ್ಕೊಳೋಣ ಅಂದ್ಕೊಂಡಿದ್ದೆ. ನಿಜ ಹೇಳ್ಬೇಕಂದ್ರೆ ಈ ಪತ್ರ ಬರೀತಿರೋದೇ ಈ ವಿಷಯಕ್ಕೆ, ಯಾಕಂದ್ರೆ ನನ್ನ ಥರ ಅಂದ್ಕೊಂಡೋರು ತುಂಬ ಜನ ಇದ್ದಾರೆ. ಕಾರು ಎಳ್ಕೊಂಡು ಹೋದ್ರೆ ಸಾಲ ಅಲ್ಲಿಗೆ ಮುಗಿಯಲ್ಲ. ಹರಾಜು ಹಾಕ್ತಾರೆ, ಹರಾಜಲ್ಲಿ ಮಾಮೂಲಿ ರೇಟಿಗಿಂತ ಕಮ್ಮಿಗೇ ಹೋಗೋದು ಜಾಸ್ತಿ, ಬಂದ ದುಡ್ಡಲ್ಲಿ ಗಾಡಿ ಎಳ್ಕೊಂಡು ಹೋದ ಖರ್ಚು, ನಿಲ್ಲಿಸಿದ ಖರ್ಚು ಎಲ್ಲಾ ಮುರ್ಕೊಂಡು ಉಳಿದಿದ್ದನ್ನ ಬಾಕಿಗೆ ಜಮಾ ಮಾಡ್ತಾರೆ, ಆಮೇಲೂ ಕೊರತೆ ಬಿದ್ರೆ ಅದು ನಮ್ಮ ತಲೆ ಮೇಲೇ. ಅಂದ್ರೆ ಇಲ್ಲದ ಕಾರಿಗೆ ಸಾಲ ಕಟ್ಟಬೇಕು. ಸಹಿ ಹಾಕಿಸ್ಕೊಳೋ ದಿನ ನಲವತ್ತು ಕಡೆ ಬೆರಳು ತೋರಿಸ್ತಾರೆ, ಈ ಒಂದು ಸಾಲು ಯಾರೂ ಓದಿ ಹೇಳಲ್ಲ.

ಜಾಮೀನು ಹಾಕಿದ್ದು ನಮ್ಮ ಚಿಕ್ಕಪ್ಪ. ನಾನು ಫೋನ್ ಎತ್ತದಿದ್ರೆ ಅವರಿಗೆ ಫೋನ್ ಹೋಗುತ್ತೆ. ಅವರು ಒಂದು ದಿನವೂ ನನ್ನ ಕೇಳಿಲ್ಲ, ಕೇಳಿದ್ರೇ ಚೆನ್ನಾಗಿತ್ತು ಅನ್ಸುತ್ತೆ.

ಕಂತು ತಪ್ಪೋಕೆ ಮುಂಚೆನೇ ಹೋಗಿ ಕೆಲಸ ಹೋಯ್ತು, ಅವಧಿ ಹೆಚ್ಚಿಸಿ ಕಂತು ಇಳಿಸ್ಕೊಡಿ ಅಂತ ಬರಹದಲ್ಲಿ ಕೇಳ್ಬೇಕಿತ್ತು. ಬಡ್ಡಿ ಒಟ್ಟಾರೆ ಜಾಸ್ತಿ ಆಗ್ತಿತ್ತು, ಆದ್ರೂ ಉಸಿರಾಡೋಕೆ ಟೈಮ್ ಸಿಗ್ತಿತ್ತು. ನಾನು ನಾಚಿಕೆಯಿಂದ ಫೋನ್ ಸೈಲೆಂಟ್ ಮಾಡಿ ಕೂತೆ. ಈಗ ಕಂತು ತಪ್ಪಿ 90 ದಿನ ದಾಟಿದ್ರೆ ಕೆಟ್ಟ ಸಾಲ ಅಂತ ಬರ್ಕೋತಾರಂತೆ, ನಾನು ಅದರ ಹೊಸ್ತಿಲಲ್ಲೇ ಇದ್ದೀನಿ. ಬ್ಯಾಂಕ್ ಕೆಲಸಕ್ಕೆ ಅರ್ಜಿ ಹಾಕೋಣ ಅಂದ್ರೆ ಅಲ್ಲಿ ಕ್ರೆಡಿಟ್ ರೆಕಾರ್ಡ್ ನೋಡ್ತಾರೆ. ಸಾಲ ಕಟ್ಟೋಕೆ ಕೆಲಸ ಬೇಕು, ಕೆಲಸಕ್ಕೆ ಹೋದ್ರೆ ಸಾಲ ಅಡ್ಡ ಬರುತ್ತೆ.

ಕಾರು ಕವರ್ ಹಾಕ್ಕೊಂಡು ನಿಂತಿದೆ. ಬ್ಯಾಟರಿ ಇಳಿಬಾರದು ಅಂತ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಒಳಗೆ ಕೂತಿರ್ತೀನಿ. ಆ ಹಿರಿಯರಿಗೆ ಒಂದು ವಿನಂತಿ, ನಿಮಗೆ ಗೊತ್ತಿರೋ ಕಡೆ ಎಲ್ಲಾದ್ರೂ ಕೆಲಸ ಇದ್ರೆ ಪತ್ರಿಕೆ ಮೂಲಕನೇ ತಿಳಿಸಿ. ಡಿಗ್ರಿ ಆಗಿದೆ, ಡ್ರೈವಿಂಗ್ ಬರುತ್ತೆ, ಕಾರೂ ಇದೆ, ಸದ್ಯಕ್ಕೆ.

ಇಂತಿ ಒಬ್ಬ ಓದುಗ
(ಹೆಸರು ಹಾಕ್ಬೇಡಿ, ಮನೇಲಿ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ)