ಕೈ ಹಿಡಿದು ನಿಂತ ಆ ಅಕ್ಕನಿಗೆ

ದವಡೆ ಹಲ್ಲು ಹುಳುಕಾಗಿ ವಾರಗಟ್ಟಲೆ ನಿದ್ದೆ ಇರಲಿಲ್ಲ. ಆದರೂ ಕೀಳಿಸಿಕೊಳ್ಳಲು ಭಯ. ಮೊನ್ನೆ ಜೋರು ಮಳೆಯಲ್ಲೇ ನಾಪೋಕ್ಲುವಿನಿಂದ ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆ. ಕುರ್ಚಿಯಲ್ಲಿ ಕೂತದ್ದೇ ಕೈಕಾಲು ನಡುಗತೊಡಗಿತು. ಎದ್ದು ಹೊರಟೇಬಿಡೋಣ ಅನ್ನಿಸಿತು.

ಡಾಕ್ಟರ ಪಕ್ಕದಲ್ಲಿದ್ದ ಸಹಾಯಕಿ ಅಕ್ಕ ಅದನ್ನು ಗಮನಿಸಿದರು. ನನ್ನ ಒದ್ದೆ ಶಾಲು ತೆಗೆದು ಫ್ಯಾನಿನ ಕೆಳಗೆ ಹರವಿದರು. "ಸೂಜಿ ಚುಚ್ಚುವಾಗ ಇರುವೆ ಕಚ್ಚಿದ ಹಾಗಾಗುತ್ತೆ. ಆಮೇಲೆ ತುಟಿ ದಪ್ಪ ಆದ ಹಾಗೆ ಅನ್ನಿಸುತ್ತೆ. ಕೀಳುವಾಗ ಒತ್ತೋದು ಗೊತ್ತಾಗುತ್ತೆ, ಅದಕ್ಕೆ ಹೆದರಬೇಡಿ. ನೋವಾದರೆ ಎಡಗೈ ಎತ್ತಿ, ಡಾಕ್ಟರು ನಿಲ್ಲಿಸ್ತಾರೆ" ಅಂದರು. ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಬಲಗೈ ಅವರ ಕೈಯಲ್ಲೇ ಇತ್ತು. ಗ್ಲೌಸಿನ ಮೇಲಿಂದಲೂ ಬೆಚ್ಚಗಿತ್ತು. "ಮೂಗಲ್ಲಿ ಉಸಿರಾಡಿ, ಹಾಂ, ಹಾಗೇ" ಅನ್ನುತ್ತಲೇ ಇದ್ದರು. ಎಡಗೈ ಎತ್ತಬೇಕಾಗಿಯೇ ಬರಲಿಲ್ಲ.

ಹತ್ತಿ ಕಚ್ಚಿದ ಬಾಯಲ್ಲಿ ನನಗೆ ಏನೂ ಕೇಳಲಾಗಲಿಲ್ಲ. ಮಾತ್ರೆ ಕವರಿನ ಮೇಲೆ ಅವರೇ ಬರೆದುಕೊಟ್ಟರು: ಅರ್ಧ ಗಂಟೆ ಹತ್ತಿ ಬಿಡಬೇಡಿ, ಉಗುಳಬೇಡಿ, 24 ಗಂಟೆ ಬಿಸಿ ಕಾಫಿ ಬೇಡ, ಸ್ಟ್ರಾ ಬೇಡ. ಕೊನೆಗೆ ಬಸ್ಸಿನ ಟೈಮೂ ಇತ್ತು!

ಹೆಸರು ಕೇಳದೆ ಬಂದುಬಿಟ್ಟೆ. ಅಕ್ಕಾ, ತುಂಬಾ ಥ್ಯಾಂಕ್ಸ್. ಆ ಕವರ್ ಇನ್ನೂ ಇಟ್ಟುಕೊಂಡಿದ್ದೇನೆ. ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಬಂತು.