ಸಿಸೆರೊಗೆ ತತ್ತ್ವಶಾಸ್ತ್ರದ ಗೊಡವೆ ಏಕೆ ಬೇಕಾಯಿತು: ಅಪ್ಪನವರಿಗೆ ರೋಮಿನಿಂದ ಒಂದು ಪತ್ರ

ತೀರ್ಥರೂಪರಾದ ಅಪ್ಪನವರಿಗೆ ಮಗಳ ಸಾಷ್ಟಾಂಗ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ ಎಂಬುದನ್ನು ತಾವು ಮುಂದಿನ ಪತ್ರದಲ್ಲಿ ಮರೆಯದೆ ತಿಳಿಸಬೇಕು. ವಕೀಲಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಳಿದೇ ಕಲಿಯಬೇಕಾಗಿರುವಾಗ ಪ್ರಾಚೀನ ರೋಮಿನ ವಕೀಲನೂ ವಾಗ್ಮಿಯೂ ಆದ ನಿನ್ನ ಸಿಸೆರೊಗೆ ಗ್ರೀಕರ ತತ್ತ್ವಶಾಸ್ತ್ರದ ಗೊಡವೆ ಏಕೆ ಬೇಕಿತ್ತು ಎಂದು ಕೇಳಿದ್ದೀರಿ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ.

ತಮ್ಮ ಸಂಶಯ ರೋಮನ್ನರಿಗೂ ಇತ್ತು. ಕ್ರಿ.ಪೂ. 161ರಲ್ಲಿ ಇಲ್ಲಿನ ಸೆನೆಟ್ ಸಭೆಯು ತತ್ತ್ವಜ್ಞಾನಿಗಳೂ ಭಾಷಣಕಲೆಯ ಗುರುಗಳೂ ನಗರದಲ್ಲಿ ಇರಕೂಡದೆಂದು ನಿರ್ಣಯಿಸಿತ್ತು. 155ರಲ್ಲಿ ಅಥೆನ್ಸಿನ ರಾಯಭಾರಿಗಳಲ್ಲಿ ಒಬ್ಬನಾಗಿ ಬಂದ ತತ್ತ್ವಜ್ಞಾನಿ ಕಾರ್ನಿಯಾಡೀಸನು ಒಂದು ದಿನ ನ್ಯಾಯವನ್ನು ಎತ್ತಿಹಿಡಿದು ಮಾತನಾಡಿ, ಮರುದಿನ ಅಷ್ಟೇ ಸಮರ್ಥವಾಗಿ ಅದನ್ನು ಖಂಡಿಸಿದನಂತೆ. ತರುಣರು ಮರುಳಾಗುವುದನ್ನು ಕಂಡ ಸೆನೆಟ್ ಸದಸ್ಯ ಹಿರಿಯ ಕೇಟೊ, ಈ ಅತಿಥಿಗಳ ಕೆಲಸ ಮುಗಿಸಿಕೊಟ್ಟು ಬೇಗ ಊರಿಗೆ ಕಳುಹಿಸಿ ಎಂದು ಒತ್ತಾಯಿಸಿದನು.

ಕ್ರಿ.ಪೂ. 106ರಲ್ಲಿ ಅರ್ಪಿನಮ್ ಎಂಬ ಗುಡ್ಡದ ಊರಿನಲ್ಲಿ ಹುಟ್ಟಿದ ಸಿಸೆರೊಗೆ ಸಿಕ್ಕಿದ ಗುರುವು ಈ ಕಾರ್ನಿಯಾಡೀಸನ ಪರಂಪರೆಯವನೇ. 88ರಲ್ಲಿ, ರೋಮಿನ ವೈರಿಯಾದ ದೊರೆ ಮಿಥ್ರಿಡೇಟಿಸನ ಯುದ್ಧದ ದೆಸೆಯಿಂದ ಅಥೆನ್ಸನ್ನು ಬಿಟ್ಟುಬಂದ ಲಾರಿಸ್ಸಾದ ಫಿಲೊ, ಪ್ಲೇಟೊ ಸ್ಥಾಪಿಸಿದ ಅಕಾಡೆಮಿಯ ಮುಖ್ಯಸ್ಥನಾಗಿದ್ದವನು, ರೋಮಿನಲ್ಲಿ ಪಾಠ ಹೇಳತೊಡಗಿದನು. ತನ್ನನ್ನು ಪೂರ್ತಿಯಾಗಿ ಅವನಿಗೆ ಒಪ್ಪಿಸಿಕೊಂಡೆನೆಂದು ಸಿಸೆರೊ ಮುಂದೆ ಬರೆದಿದ್ದಾನೆ. ತಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಫಿಲೊ ಒಂದು ಹೊತ್ತಿನಲ್ಲಿ ಭಾಷಣಕಲೆಯನ್ನೂ ಇನ್ನೊಂದು ಹೊತ್ತಿನಲ್ಲಿ ತತ್ತ್ವಶಾಸ್ತ್ರವನ್ನೂ ತಾನೇ ಕಲಿಸುತ್ತಿದ್ದನು, ಮತ್ತು ಎರಡೂ ಹೊತ್ತು ಶಿಷ್ಯರಿಗೆ ಬೇಕಾಗುತ್ತಿದ್ದದ್ದು ಯಾವುದೇ ವಿಷಯದ ಎರಡೂ ಪಕ್ಷಗಳನ್ನು ಸಮಬಲದಿಂದ ವಾದಿಸುವ ಶಕ್ತಿ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಯಾವ ಕೊರತೆಯೂ ಇಲ್ಲದಂತೆ ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮ ತಮಗೆ ಗೊತ್ತೇ ಇದೆ. ಅಕಾಡೆಮಿಯವರು ಅದೇ ದಾರಿಯಲ್ಲಿ ಬಂದು, ಸಿದ್ಧಾಂತದ ಹೊಸ್ತಿಲಲ್ಲಿ ನಿಂತು, ಇದು ಹೆಚ್ಚು ನಂಬಲರ್ಹವಾಗಿ ತೋರುತ್ತದೆ ಎಂದಷ್ಟೇ ಹೇಳುತ್ತಿದ್ದರು. ಎದುರು ವಕೀಲನು ಏನು ಹೇಳಬಹುದೆಂಬುದನ್ನು ಅವನಿಗಿಂತ ಮೊದಲು ತಾನು ಹೇಳಿಕೊಂಡು ನೋಡಬೇಕೆಂದು ತಾವು ಜೂನಿಯರುಗಳಿಗೆ ಹೇಳುತ್ತಿದ್ದುದು ಇದಕ್ಕಿಂತ ಬಹಳ ದೂರದ್ದೇನಲ್ಲ.

ಸಿಸೆರೊನ ಮನೆಯಲ್ಲಿಯೇ ಡಯೋಡೋಟಸ್ ಎಂಬ ಇನ್ನೊಬ್ಬ ಗುರುವಿದ್ದನು. ಇವನು ಸದ್ಗುಣವೊಂದೇ ನಿಜವಾದ ಹಿತವೆನ್ನುವ ಸ್ಟೋಯಿಕ್ ಎಂಬ ಗ್ರೀಕ್ ಪಂಥದವನು, ತರ್ಕವನ್ನು ಕಲಿಸಿದವನು. ದೃಷ್ಟಿ ಕಳೆದುಕೊಂಡ ಮೇಲೆಯೂ ಇವನು ಹಗಲುರಾತ್ರಿ ಪುಸ್ತಕಗಳನ್ನು ಓದಿಸಿ ಕೇಳುತ್ತಿದ್ದನು, ತಂತಿವಾದ್ಯ ನುಡಿಸುತ್ತಿದ್ದನು, ಅಷ್ಟೇ ಅಲ್ಲದೆ ಯಾವ ರೇಖೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ಬಾಯಿಯಲ್ಲಿ ಹೇಳುತ್ತ ರೇಖಾಗಣಿತದ ಪಾಠವನ್ನೂ ಮಾಡುತ್ತಿದ್ದನು. ಅವನು ಆ ಮನೆಯಲ್ಲಿಯೇ ತೀರಿಕೊಂಡನು. ಸಿಸೆರೊ ಅವನ ಸಿದ್ಧಾಂತಗಳನ್ನು ಒಪ್ಪಲಿಲ್ಲ, ಆದರೆ ಅವನನ್ನು ಸ್ಮರಿಸುವಾಗಲೆಲ್ಲ ಪ್ರೀತಿಯಿಂದಲೇ ಸ್ಮರಿಸಿದ್ದಾನೆ.

ಸಿಸೆರೊನ ಗ್ರೀಸ್ ಪ್ರಯಾಣವು ಜ್ಞಾನದಾಹ ಒಂದರಿಂದಲೇ ಆದದ್ದಲ್ಲ. ಆಗ ತಾನು ತೀರ ಬಡಕಲಾಗಿದ್ದೆ, ಕತ್ತು ಉದ್ದವಾಗಿ ತೆಳ್ಳಗಿತ್ತು, ಏರಿಳಿತವಿಲ್ಲದೆ ಒಂದೇ ಸಮನೆ ಕೂಗಿ ವಾದಿಸುತ್ತಿದ್ದೆ, ವೈದ್ಯರೂ ಸ್ನೇಹಿತರೂ ವಕೀಲಿಯನ್ನೇ ಬಿಟ್ಟುಬಿಡು ಎಂದರು ಎಂದು ಅವನೇ ಹೇಳಿಕೊಂಡಿದ್ದಾನೆ. ವೃತ್ತಿ ಬಿಡುವ ಬದಲು ಮಾತಿನ ರೀತಿಯನ್ನು ಬದಲಿಸಿಕೊಳ್ಳಲು 79ರಲ್ಲಿ ಹೊರಟು, ಅಥೆನ್ಸಿನಲ್ಲಿ ಆರು ತಿಂಗಳು ಅಂಟಿಯೋಕಸ್ ಎಂಬ ತತ್ತ್ವಜ್ಞಾನಿಯ ಬಳಿ ತತ್ತ್ವಶಾಸ್ತ್ರವನ್ನು ಓದಿ, ಏಷ್ಯಾ ಪ್ರಾಂತದ ವಾಗ್ಮಿಗಳನ್ನು ಕಂಡು, ಕೊನೆಗೆ ರೋಡ್ಸ್ ದ್ವೀಪದಲ್ಲಿ ಮೊಲೊನ್ ಎಂಬ ಗುರುವಿನ ಕೈಗೆ ಬಿದ್ದನು. ಎರಡೂ ದಡ ಮೀರಿ ಹರಿಯುತ್ತಿದ್ದ ತನ್ನ ಯೌವನದ ಮಾತನ್ನು ಮೊಲೊನ್ ತಡೆದು ನಿಲ್ಲಿಸಿದನೆಂದು ಅವನು ಬರೆಯುತ್ತಾನೆ. ಸಿಸೆರೊ ಗ್ರೀಕಿನಲ್ಲಿ ಭಾಷಣ ಮಾಡಿ ಮುಗಿಸಿದಾಗ ಉಳಿದವರೆಲ್ಲ ಹೊಗಳುತ್ತಿದ್ದರೂ ಮೊಲೊನ್ ಬಹಳ ಹೊತ್ತು ಸುಮ್ಮನಿದ್ದು, ಗ್ರೀಕರಿಗೆ ಉಳಿದಿದ್ದ ವಿದ್ಯೆ ಮತ್ತು ವಾಕ್ಶಕ್ತಿಗಳೂ ನಿನ್ನಿಂದ ರೋಮನ್ನರ ಪಾಲಾಗುತ್ತಿವೆಯಲ್ಲ ಎಂದು ಮರುಗಿದನೆಂಬ ಕಥೆಯನ್ನು ಮುಂದಿನ ಕಾಲದ ಗ್ರೀಕ್ ಚರಿತ್ರಕಾರ ಪ್ಲೂಟಾರ್ಕ್ ಹೇಳುತ್ತಾನೆ. ಕಥೆ ಸ್ವಲ್ಪ ಹೆಚ್ಚೇ ಸೊಗಸಾಗಿದೆ. ನನಗೆ ಆ ತೆಳ್ಳನೆಯ ಕತ್ತಿನ ಮೇಲೆಯೇ ಹೆಚ್ಚು ನಂಬಿಕೆ.

ಇನ್ನು ತಮಗೆ ಖಂಡಿತ ರುಚಿಸುವ ಮೊಕದ್ದಮೆಗೆ ಬರುತ್ತೇನೆ. 63ರಲ್ಲಿ ಸಿಸೆರೊ ಕಾನ್ಸಲ್, ಅಂದರೆ ವರ್ಷಕ್ಕೊಮ್ಮೆ ಆಯ್ಕೆಯಾಗುವ ಅತ್ಯುನ್ನತ ಅಧಿಕಾರಿ, ಆಗಿದ್ದಾಗ, ಮುಂದಿನ ವರ್ಷಕ್ಕೆ ಅದೇ ಪದವಿಗೆ ಆಯ್ಕೆಯಾಗಿದ್ದ ಮುರೇನನ ಮೇಲೆ ಚುನಾವಣೆಯಲ್ಲಿ ಲಂಚ ಹಂಚಿದ ಆರೋಪ ಬಂತು. ಅಂಥ ಲಂಚಕ್ಕೆ ಶಿಕ್ಷೆಯನ್ನು ಬಿಗಿಗೊಳಿಸಿದ ಕಾಯಿದೆಯನ್ನು ಅದೇ ವರ್ಷ ತಂದವನು ಸಿಸೆರೊ, ಆರೋಪಿಯ ವಕೀಲನೂ ಸಿಸೆರೊ. ಫಿರ್ಯಾದಿಯ ಕಡೆ ಹಿರಿಯ ಕೇಟೊನ ಮರಿಮಗನಾದ ಕಿರಿಯ ಕೇಟೊ ನಿಂತಿದ್ದನು. ಇವನು ಕಟ್ಟಾ ಸ್ಟೋಯಿಕ್, ಇವನ ಪ್ರಾಮಾಣಿಕತೆಯ ಬಗ್ಗೆ ಊರಿನಲ್ಲಿ ಎರಡು ಮಾತಿರಲಿಲ್ಲ. ಸಾಕ್ಷ್ಯದಿಂದ ಅಲುಗಿಸಲಾಗದ ಈ ಮನುಷ್ಯನನ್ನು ಸಿಸೆರೊ ಅವನ ತತ್ತ್ವಶಾಸ್ತ್ರದಿಂದಲೇ ಹಿಡಿದನು. ಎಲ್ಲ ತಪ್ಪುಗಳೂ ಸಮಾನ ಎನ್ನುವುದು ಇವರ ಮತ, ಆದ್ದರಿಂದ ಅಗತ್ಯವಿಲ್ಲದೆ ಒಂದು ಹುಂಜವನ್ನು ಕೊಂದವನೂ ತಂದೆಯ ಕತ್ತು ಹಿಸುಕಿದವನೂ ಇವರ ಲೆಕ್ಕದಲ್ಲಿ ಒಂದೇ ಎಂದು ನ್ಯಾಯದರ್ಶಿಗಳ ಮುಂದೆ ಹೇಳಿದಾಗ ಸಭೆಯೆಲ್ಲ ನಕ್ಕಿತು. ಎಂಥ ತಮಾಷೆಯ ಕಾನ್ಸಲ್ ನಮಗೆ ಸಿಕ್ಕಿದ್ದಾನೆ ಎಂದು ಕೇಟೊ ಅಂದನಂತೆ. ಮುರೇನ ಬಿಡುಗಡೆಯಾದನು.

ನನಗೆ ಈ ಗೆಲುವು ಹಿಡಿಸುವುದಿಲ್ಲ. ಕಲಿತ ವಿದ್ಯೆಯನ್ನು ಕಲಿಯದವರ ಮುಂದೆ ನಗೆಗೀಡು ಮಾಡಿ ಪಡೆದ ಗೆಲುವು ಅದು. ಆದರೆ ಇದರ ಮುಂದಿನ ಅಧ್ಯಾಯಕ್ಕಾಗಿ ನಾನು ಅವನನ್ನು ಮನ್ನಿಸುತ್ತೇನೆ.

ಸೀಸರನ ಸರ್ವಾಧಿಕಾರ ಬಂದ ಮೇಲೆ ಸೆನೆಟ್ಟಿನಲ್ಲಿಯೂ ನ್ಯಾಯಾಲಯಗಳಲ್ಲಿಯೂ ಮೊದಲಿನಂತೆ ಮಾತನಾಡಲು ಅವಕಾಶವಿರಲಿಲ್ಲ. 45ರ ಫೆಬ್ರವರಿಯಲ್ಲಿ ಮಗಳು ಟುಲಿಯಾ ತೀರಿಕೊಂಡಳು. ಆ ದುಃಖದಲ್ಲಿ ಅವನು ಬರೆಯಲು ಕುಳಿತು, ಎರಡು ವರ್ಷವೂ ತುಂಬುವುದರೊಳಗೆ ಗ್ರೀಕ್ ತತ್ತ್ವಶಾಸ್ತ್ರದ ಬಹುಭಾಗವನ್ನು ಲ್ಯಾಟಿನ್ನಿಗೆ ತಂದನು. ಮನುಷ್ಯನ ಪರಮಹಿತ ಯಾವುದೆಂದು ವಿಚಾರಿಸುವ ಸಂವಾದದಲ್ಲಿ ಸ್ಟೋಯಿಕರ ಪಕ್ಷವನ್ನು ಹೇಳಲು ಅವನು ಆರಿಸಿಕೊಂಡ ಪಾತ್ರ ಯಾರದು ಗೊತ್ತೇ? ಅದೇ ಕೇಟೊನದು. ಸೀಸರನಿಗೆ ಶರಣಾಗಲೊಲ್ಲದೆ ಯೂಟಿಕಾ ಪಟ್ಟಣದಲ್ಲಿ ಹಿಂದಿನ ವರ್ಷವಷ್ಟೇ ಪ್ರಾಣ ಬಿಟ್ಟಿದ್ದ ಕೇಟೊ, ಟಸ್ಕ್ಯುಲಮ್ಮಿನಲ್ಲಿ ಲುಕುಲ್ಲಸನ ಗ್ರಂಥಭಂಡಾರದಲ್ಲಿ ಪುಸ್ತಕಗಳ ರಾಶಿಯ ನಡುವೆ ಕುಳಿತಿರುವಂತೆ ಚಿತ್ರಿಸಿ, ಅವನ ಬಾಯಿಂದ ಇಡೀ ಒಂದು ಭಾಗದ ತುಂಬ ಸ್ಟೋಯಿಕ್ ನೀತಿಯನ್ನು ಗಂಭೀರವಾಗಿ ಹೇಳಿಸುತ್ತಾನೆ. ನಂತರದ ಭಾಗದಲ್ಲಿ ತಾನೇ ಅದನ್ನು ಖಂಡಿಸುವಾಗ, ಮುರೇನನ ಮೊಕದ್ದಮೆಯಲ್ಲಿ ಮಾಡಿದಂತೆ ಈಗ ಹಾಸ್ಯ ಮಾಡುವುದಿಲ್ಲ, ಅಲ್ಲಿ ಕೇಳುವವರು ತಿಳಿಯದವರು, ಸುತ್ತ ನಿಂತ ಜನರಿಗೂ ಒಂದಿಷ್ಟು ಕೊಡಬೇಕಾಗಿತ್ತು, ಇಲ್ಲಿ ಸೂಕ್ಷ್ಮವಾಗಿ ವಾದಿಸಬೇಕು ಎನ್ನುತ್ತಾನೆ. ಎದುರು ಪಕ್ಷಕ್ಕೆ ಪೂರ್ಣ ಬಲವನ್ನು ಕೊಡಬೇಕೆಂಬ ಫಿಲೊನ ಪಾಠ ಹದಿನೆಂಟು ವರ್ಷ ತಡವಾಗಿ ಕೇಟೊನಿಗೆ ಸಂದಿತು.

ಆ ಪಾಠವನ್ನು ಅವನು ತನ್ನ ಮೇಲೆಯೂ ಪ್ರಯೋಗಿಸಿಕೊಂಡಿದ್ದನು. 49ರ ಮಾರ್ಚ್ ತಿಂಗಳಲ್ಲಿ, ಸೀಸರನ ಎದುರಾಳಿಯಾದ ಪಾಂಪೆಯನ್ನು ಹಿಂಬಾಲಿಸಬೇಕೋ ಇಟಲಿಯಲ್ಲಿಯೇ ಉಳಿಯಬೇಕೋ ತಿಳಿಯದೆ ತೊಳಲಾಡುತ್ತಿದ್ದಾಗ, ಸ್ನೇಹಿತ ಆಟಿಕಸನಿಗೆ ಬರೆದ ಪತ್ರದಲ್ಲಿ ಕೆಲವು ಪ್ರಶ್ನೆಗಳನ್ನು ಗ್ರೀಕಿನಲ್ಲಿ ಪಟ್ಟಿಮಾಡುತ್ತಾನೆ: ದೇಶವು ಒಬ್ಬ ನಿರಂಕುಶನ ಕೈಯಲ್ಲಿರುವಾಗ ಅಲ್ಲಿ ಉಳಿಯಬೇಕೇ? ನಗರಕ್ಕೇ ಅಪಾಯವಾದರೂ ಅವನನ್ನು ಇಳಿಸಲು ಎಲ್ಲ ದಾರಿಯನ್ನೂ ಹಿಡಿಯಬೇಕೇ? ಉಪಕಾರ ಮಾಡಿದ ಸ್ನೇಹಿತರು ತಪ್ಪು ನಿರ್ಧಾರ ಮಾಡಿದಾಗಲೂ ಅವರ ಜೊತೆ ಅಪಾಯಕ್ಕೆ ಇಳಿಯಬೇಕೇ? ಇವುಗಳ ಎರಡೂ ಪಕ್ಷಗಳನ್ನು ಗ್ರೀಕಿನಲ್ಲಿಯೂ ಲ್ಯಾಟಿನ್ನಿನಲ್ಲಿಯೂ ವಾದಿಸಿಕೊಳ್ಳುತ್ತಿದ್ದೇನೆ, ಇದರಿಂದ ಮನಸ್ಸಿಗೆ ಸ್ವಲ್ಪ ಬಿಡುವು ಎಂದು ಬರೆದಿದ್ದಾನೆ. ಜೂನ್‌ನಲ್ಲಿ ಹಡಗು ಹತ್ತಿ ಪಾಂಪೆಯ ಕಡೆಗೇ ಹೋದನು.

ಹಾಗಾದರೆ ಕೋರ್ಟಿನ ಮೆಟ್ಟಿಲಿನಿಂದ ಅವನು ಕಲಿಯಲಿಲ್ಲವೇ ಎಂದು ತಾವು ಕೇಳುವಿರಿ. ಕಲಿತನು, ಆದರೆ ತಾನು ವಾಗ್ಮಿಯಾದದ್ದು ಭಾಷಣಗುರುಗಳ ಕಾರ್ಖಾನೆಗಳಿಂದಲ್ಲ, ಅಕಾಡೆಮಿಯ ವಿಶಾಲ ಹಾದಿಗಳಿಂದ ಎಂದು 46ರಲ್ಲಿ ಬರೆದವನು ಅಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ವಾದ ಮಾಡಿ ಹಣ್ಣಾದವನಾಗಿದ್ದನು. ಆ ಮಾತನ್ನು ಪೂರ್ವಪಕ್ಷವೆಂದು ಇಟ್ಟುಕೊಂಡು ತಾವು ಉತ್ತರ ಬರೆಯಿರಿ. ಜೊತೆಗೆ ಇನ್ನೊಂದನ್ನೂ ತಿಳಿಸಿ: ತಾನೇ ತಂದ ಕಾಯಿದೆಯ ವಿಷಯದಲ್ಲಿ ಆರೋಪಿಯ ಪರ ನಿಲ್ಲುವ ಪ್ರಸಂಗ ಬಂದಿದ್ದರೆ ತಾವು ಮುರೇನನ ವಕಾಲತ್ತನ್ನು ಹಿಡಿಯುತ್ತಿದ್ದಿರೋ ಇಲ್ಲವೋ?

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತು ತಮ್ಮ ಆಶೀರ್ವಾದವನ್ನು ಬೇಡುವ
ಮಗಳು